ಹುತ್ತದ ಅಣಬೆಯ ಗುರುತು ಮತ್ತು ವರ್ಣನೆ

ಮುಂಗಾರಿನ ಮೊದಲ ಮಳೆಗಳು ಬಿದ್ದು, ನೆಲ ಆಳದವರೆಗೆ ನೆನೆದ ಬಳಿಕ ಮಲೆನಾಡಿನ ಕಾಡುಗಳಲ್ಲಿ ಅಣಬೆಗಳು ಮೇಲೇಳುವುವು. ಹಿಂದಿನ ಸಂಜೆ ಬರಿಯ ಮಣ್ಣಿದ್ದ ಎಡೆಯಲ್ಲಿ ಮರುದಿನ ಬೆಳಗಿನ ಹೊತ್ತಿಗೆ ಬಿಳಿಯ ಕೊಡೆಗಳ ಗುಂಪೊಂದು ಬಿಚ್ಚಿಕೊಂಡಿರುವುದನ್ನು ಕಂಡವರು ಬೆರಗಾಗದೆ ಇರಲಾರರು. ಕನ್ನಡದಲ್ಲಿ ಇದಕ್ಕೆ ಅಣಬೆ, ನಾಯಿಕೊಡೆ ಎಂಬ ಹೆಸರುಗಳಿವೆ; ಕೊಡವರು ಕುಮ್ಮು ಎನ್ನುವರು; ತುಳುವರು ಲಾಂಬು ಎನ್ನುವರು. ಆದರೆ ಕಾಡಿನಲ್ಲಿರುವ ಅಣಬೆ ಒಂದೇ ಬಗೆಯದಲ್ಲ. ಒಂದು ಹೆಸರಿನ ಕೆಳಗೆ ನೂರಾರು ಪ್ರಭೇದಗಳು ಅಡಗಿಕೊಂಡಿವೆ.

ಅಣಬೆಯನ್ನು ಕಂಡೊಡನೆ ನಮ್ಮಲ್ಲಿ ಹುಟ್ಟುವ ಪ್ರಶ್ನೆ 'ಇದನ್ನು ತಿನ್ನಬಹುದೆ?' ಎಂಬುದು. ವಿಜ್ಞಾನಿಯ ಪ್ರಶ್ನೆ ಬೇರೆ. 'ಇದು ಯಾವುದು?' ಎಂದು ಅವನು ಮೊದಲು ಕೇಳುವನು. ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುವ ಮುನ್ನ ಮೊದಲನೆಯದಕ್ಕೆ ಉತ್ತರ ಕೊಡಹೊರಟವನು ಜೀವದೊಡನೆ ಜೂಜಾಡಿದಂತೆ. ೨೦೨೨ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಮೇಲಣ ಜಿಲ್ಲೆಗಳಲ್ಲಿ ಕಾಡಣಬೆಯನ್ನು ತಿಂದು ಹತ್ತಕ್ಕೂ ಹೆಚ್ಚು ಮಂದಿ ಕೆಲವೇ ದಿನಗಳಲ್ಲಿ ಮಡಿದರು. ಅಣಬೆಯನ್ನು ಆರಿಸುವುದು ಹೊಸತೇನಲ್ಲದ ಪ್ರದೇಶಗಳಲ್ಲಿಯೂ ಇಂತಹ ದುರಂತಗಳು ಮರುಕಳಿಸುತ್ತಲೇ ಇವೆ. ಗುರುತಿಸುವಲ್ಲಿ ಒಂದು ಹೆಜ್ಜೆ ತಪ್ಪಿದರೂ ಅದಕ್ಕೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು.

ಆದುದರಿಂದ ಅಣಬೆಯೊಂದನ್ನು ಗುರುತಿಸುವ ಮತ್ತು ವರ್ಣಿಸುವ ಕ್ರಮವನ್ನು ಈ ಪಾಠದಲ್ಲಿ ಪರಿಶೀಲಿಸೋಣ. ಇದಕ್ಕೆ ಉದಾಹರಣೆಯಾಗಿ ದಕ್ಷಿಣ ಭಾರತದ ಕಾಡುಗಳಲ್ಲಿ ಬೆಳೆಯುವ ಹುತ್ತದ ಅಣಬೆಯೊಂದನ್ನು ಆರಿಸಿಕೊಂಡಿದ್ದೇವೆ. ಇದರ ಶಾಸ್ತ್ರೀಯ ನಾಮ ಟರ್ಮಿಟೊಮೈಸಿಸ್ ಹೈಮಿಯೈ.

ನೆಲದ ಮೇಲಿನದು ಫಲ ಮಾತ್ರ

ಅಣಬೆಯು ಗಿಡವಲ್ಲ. ಅದರಲ್ಲಿ ಪತ್ರಹರಿತ್ತಿಲ್ಲ, ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದು ಶಿಲೀಂಧ್ರಗಳ ವರ್ಗಕ್ಕೆ ಸೇರಿದುದು. ಶಿಲೀಂಧ್ರದ ನಿಜವಾದ ದೇಹವು ಕೂದಲಿಗಿಂತಲೂ ಸೂಕ್ಷ್ಮವಾದ ಎಳೆಗಳ ಒಂದು ಬಲೆ. ಇದು ಮಣ್ಣಿನಲ್ಲಿ, ತರಗೆಲೆಯಲ್ಲಿ ಅಥವಾ ಕೊಳೆಯುವ ಮರದಲ್ಲಿ ಹರಡಿಕೊಂಡು ವರ್ಷವೆಲ್ಲ ಜೀವಿಸಿರುತ್ತದೆ. ನಾವು ಅಣಬೆ ಎಂದು ಕರೆಯುವ ಕೊಡೆಯು ಆ ಬಲೆಯ ಫಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ, ಎಳೆಗಳ ಬಲೆಗೆ ಅಣಬೆಯೂ ಹಾಗೆಯೇ. ಬೀಜಾಣುಗಳನ್ನು ಗಾಳಿಗೆ ತೂರುವುದೇ ಅದರ ಕೆಲಸ.

ಹಣ್ಣೊಂದನ್ನು ಕೈಯಲ್ಲಿ ಹಿಡಿದು ಮರದ ವಿಚಾರವನ್ನೆಲ್ಲ ಹೇಳಲು ಸಾಧ್ಯವೆ? ಅಣಬೆಯ ವಿಷಯದಲ್ಲಿಯೂ ಈ ತೊಡಕೇ ಇದೆ. ಬುಟ್ಟಿಗೆ ಬಿದ್ದ ಅಣಬೆಯು ತನ್ನ ಕತೆಯ ಒಂದು ಭಾಗವನ್ನು ಮಾತ್ರ ಹೇಳಬಲ್ಲದು. ಉಳಿದುದು ಅದನ್ನು ಕಿತ್ತ ಜಾಗದಲ್ಲಿಯೇ ಉಳಿದುಬಿಡುತ್ತದೆ.

ಕೀಳಬಾರದು, ಅಗೆಯಬೇಕು

ಅಣಬೆಯನ್ನು ಮುಟ್ಟುವ ಮುನ್ನ ಪುಸ್ತಕದಲ್ಲಿ ಕೆಲವು ವಿಷಯಗಳನ್ನು ಬರೆದುಕೊಳ್ಳತಕ್ಕದ್ದು. ಎಂದು ಕಂಡಿತು? ಹಿಂದಿನ ದಿನಗಳಲ್ಲಿ ಮಳೆ ಬಿದ್ದಿತ್ತೆ? ಸುತ್ತಲೂ ಯಾವ ಮರಗಳಿವೆ? ಅಣಬೆ ಬೆಳೆದಿರುವುದು ಮಣ್ಣಿನ ಮೇಲೋ, ಸಗಣಿಯ ಮೇಲೋ, ಮರದ ಕೊರಡಿನ ಮೇಲೋ? ಒಂಟಿಯಾಗಿದೆಯೋ, ಗುಂಪಾಗಿದೆಯೋ? ಇದ್ದಲ್ಲಿಯೇ ಒಂದು ಛಾಯಾಚಿತ್ರವನ್ನು ತೆಗೆದುಕೊಂಡರೆ ಒಳ್ಳೆಯದು. ಮಗ್ಗುಲಿಗೆ ಒಂದು ಅಳತೆಪಟ್ಟಿಯನ್ನಿಟ್ಟರೆ ಗಾತ್ರವೂ ತಿಳಿಯುವುದು.

ಬಳಿಕ ಅಣಬೆಯನ್ನು ಹೊರತೆಗೆಯಬೇಕು. ಸಾಮಾನ್ಯವಾಗಿ ನಾವು ತಪ್ಪುವುದು ಇಲ್ಲಿಯೇ. ಕೊಡೆಯ ಕಾಲನ್ನು ಹಿಡಿದು ಎಳೆದರೆ ಅದು ನೆಲದ ಮಟ್ಟದಲ್ಲಿ ಮುರಿದು ಕೈಗೆ ಬರುವುದು. ಬುಡ ಮಣ್ಣಿನಲ್ಲಿಯೇ ಉಳಿಯುವುದು. ಹಾಗೆ ಮಾಡದೆ, ಅಣಬೆಯಿಂದ ಒಂದು ಗೇಣು ದೂರದಲ್ಲಿ ಗುದ್ದಲಿಯಿಂದ ನೆಲವನ್ನು ಅಗೆದು, ಪಕ್ಕದ ಕಡೆಯಿಂದ ಮಣ್ಣನ್ನು ಮೆಲ್ಲಗೆ ಬಿಡಿಸುತ್ತ ಹೋಗಬೇಕು.

ಹುತ್ತದ ಅಣಬೆಯನ್ನು ಹೀಗೆ ಅಗೆಯುವಾಗ ಒಂದು ಸೋಜಿಗವು ಬಯಲಾಗುತ್ತದೆ. ನೆಲದ ಮೇಲೆ ಕಂಡ ಕಾಲು ನೆಲದೊಳಗೂ ಮುಂದುವರಿದಿದೆ. ಬೇರಿನಂತೆ ಕಾಣುವ ಈ ಭಾಗವನ್ನು ನಾವು ಹುಸಿಬೇರು ಎಂದು ಕರೆಯೋಣ. ಅದು ಒಂದು ಗೇಣು, ಕೆಲವೊಮ್ಮೆ ಒಂದು ಮೊಳ, ಅದಕ್ಕಿಂತಲೂ ಆಳಕ್ಕೆ ಇಳಿದು, ಕೊನೆಗೆ ಗೆದ್ದಲು ಗೂಡಿನ ಒಂದು ಪೊಳ್ಳಿನಲ್ಲಿ ನಿಲ್ಲುವುದು. ಆ ಪೊಳ್ಳಿನೊಳಗೆ ಕಂದುಬಣ್ಣದ, ಮಡಿಕೆ ಮಡಿಕೆಯಾದ, ಹಗುರವಾದ ಒಂದು ಮುದ್ದೆ ಇರುವುದು. ಇದೇ ಗೆದ್ದಲುಗಳ ತೋಟ.

ಗೆದ್ದಲುಗಳು ಒಣಗಿದ ಕಟ್ಟಿಗೆಯನ್ನೂ ತರಗೆಲೆಯನ್ನೂ ತಿಂದು ವಿಸರ್ಜಿಸಿದ ದ್ರವ್ಯದಿಂದ ಈ ತೋಟವನ್ನು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರವು ಬೆಳೆಯುತ್ತದೆ. ಮರದ ಗಡಸು ಅಂಶವನ್ನು ಸುಲಭವಾಗಿ ಜೀರ್ಣಿಸಿಕೊಳ್ಳಲಾರದ ಗೆದ್ದಲಿಗೆ ಶಿಲೀಂಧ್ರವು ಅದನ್ನು ಒಡೆದು ಪಕ್ವಮಾಡಿಕೊಡುತ್ತದೆ. ತೋಟದ ಮೇಲೆ ಸಾಸಿವೆ ಕಾಳಿನಷ್ಟಿರುವ ಬಿಳಿಯ ಗುಂಡುಗಳು ಏಳುವುವು; ಅವೂ ಗೆದ್ದಲಿನ ಆಹಾರ. ಇದಕ್ಕೆ ಪ್ರತಿಯಾಗಿ ಗೆದ್ದಲುಗಳು ಶಿಲೀಂಧ್ರಕ್ಕೆ ಮನೆಯನ್ನೂ ತೇವವನ್ನೂ ಒದಗಿಸಿ, ಇತರ ಬೂಷ್ಟುಗಳು ತೋಟವನ್ನು ಆಕ್ರಮಿಸದಂತೆ ನೋಡಿಕೊಳ್ಳುವುವು. ಮನುಷ್ಯನು ಬೇಸಾಯವನ್ನು ಆರಂಭಿಸಿ ಸುಮಾರು ಹತ್ತು ಸಾವಿರ ವರ್ಷಗಳಾದುವು. ಗೆದ್ದಲಿನ ಈ ಬೇಸಾಯಕ್ಕಾದರೋ ಸುಮಾರು ಮೂರು ಕೋಟಿ ವರ್ಷಗಳ ಇತಿಹಾಸವಿದೆ. ಅದು ಮೊದಲಾದುದು ಆಫ್ರಿಕದ ಕಾಡುಗಳಲ್ಲಿ ಎಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ.

ಮಳೆಗಾಲ ಬಂದಾಗ ತೋಟದಿಂದ ಹುಸಿಬೇರು ಹೊರಟು, ಮಣ್ಣನ್ನು ಸೀಳಿಕೊಂಡು ಮೇಲೆ ಬಂದು ಕೊಡೆಯಾಗಿ ಬಿಚ್ಚಿಕೊಳ್ಳುವುದು. ಈ ಕುಲದ ಬಹುಪಾಲು ಪ್ರಭೇದಗಳಲ್ಲಿ ಕೊಡೆಯ ನೆತ್ತಿಯು ಗಟ್ಟಿಯಾದ ಮೊನೆಯಂತೆ ಉಬ್ಬಿರುವುದಕ್ಕೆ ಇದೇ ಕಾರಣ. ಮಣ್ಣನ್ನು ತೂತುಮಾಡುವ ಆಯುಧವೇ ಅದು. ಗೂಡು ಕೆಲವೊಮ್ಮೆ ಪೂರ್ತಿಯಾಗಿ ನೆಲದೊಳಗಿದ್ದು, ಮೇಲೆ ಹುತ್ತವೇ ಕಾಣಿಸದಿರಬಹುದು. ಅಂತಹ ಕಡೆಯಲ್ಲಿ ಅಗೆಯದವನಿಗೆ ಇದು ಹುತ್ತದ ಅಣಬೆಯೆಂಬುದು ಹೊಳೆಯುವುದೇ ಇಲ್ಲ.

ಅಂಗಾಂಗಗಳ ಪರೀಕ್ಷೆ

ಅಗೆದು ತಂದ ಅಣಬೆಯನ್ನು ಹೊಸತಾಗಿರುವಾಗಲೇ ಪರೀಕ್ಷಿಸಬೇಕು. ಕೆಲವೇ ಗಂಟೆಗಳಲ್ಲಿ ಅದರ ಬಣ್ಣವೂ ಆಕಾರವೂ ಕೆಡುವುವು. ಮೊಗ್ಗು, ಅರೆ ಬಿರಿದುದು, ಪೂರ್ತಿ ಅರಳಿದುದು ಈ ಮೂರು ಅವಸ್ಥೆಗಳ ಮಾದರಿಗಳೂ ಇರಬೇಕು. ಒಂದೇ ಅಣಬೆಯನ್ನು ನೋಡಿ ತೀರ್ಮಾನಿಸುವುದು, ಮುದುಕನೊಬ್ಬನನ್ನು ನೋಡಿ ಮನುಷ್ಯರಿಗೆಲ್ಲ ಕೂದಲು ಬಿಳಿಯೆಂದು ಬರೆದಂತಾಗುವುದು.

ಕೊಡೆಯ ಅಗಲ, ಬಣ್ಣ, ಅಂಚು, ಮೇಲ್ಮೈ ಇವನ್ನು ಮೊದಲು ಗಮನಿಸೋಣ. ನಮ್ಮ ಅಣಬೆಯ ಕೊಡೆಯು ಬಿಳಿಯದಾಗಿದ್ದು ನೆತ್ತಿಯಲ್ಲಿ ಬೂದುಗಂದು ಛಾಯೆಯನ್ನು ತಳೆದಿರುತ್ತದೆ. ಬಳಿಕ ಅದನ್ನು ತಿರುವಿ ಹಾಕಿದರೆ ಕೆಳಗಡೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತೆಳು ಪದರಗಳು ಕಾಣುವುವು. ಮೀನಿನ ಕಿವಿರನ್ನು ಹೋಲುವುದರಿಂದ ಇವನ್ನು ಕಿವಿರುಗಳೆಂದೇ ಕರೆಯುವರು. ಬೀಜಾಣುಗಳು ಹುಟ್ಟುವುದು ಇವುಗಳ ಮೇಲೆ. ಕಿವಿರುಗಳು ಕಾಲಿಗೆ ಅಂಟಿಕೊಂಡಿವೆಯೋ, ಅಥವಾ ಕಾಲನ್ನು ಮುಟ್ಟದೆ ಸುತ್ತಲೂ ಕಿರಿದಾದ ತೆರಪನ್ನು ಬಿಟ್ಟಿವೆಯೋ ಎಂಬುದು ಬಹು ಮುಖ್ಯವಾದ ಲಕ್ಷಣ. ಹುತ್ತದ ಅಣಬೆಯಲ್ಲಿ ಅವು ಕಾಲಿನಿಂದ ಬಿಡುವಾಗಿವೆ. ಎಳೆಯದರಲ್ಲಿ ಬಿಳಿಯವಾಗಿದ್ದು, ಬಲಿತಂತೆ ನಸುಗೆಂಪಾಗುವುವು.

ಕಾಲಿನ ಮೇಲ್ಭಾಗದಲ್ಲಿ ಬಳೆಯಂತಹ ರಚನೆಯಿದೆಯೆ ಎಂದು ನೋಡಬೇಕು. ಮೊಗ್ಗಿನಲ್ಲಿ ಕಿವಿರುಗಳನ್ನು ಮುಚ್ಚಿದ್ದ ಪೊರೆಯು, ಕೊಡೆ ಬಿಚ್ಚಿದಾಗ ಹರಿದು ಕಾಲಿನ ಮೇಲೆ ಬಳೆಯಾಗಿ ಉಳಿಯುತ್ತದೆ. ನಮ್ಮ ಪ್ರಭೇದದಲ್ಲಿ ಈ ಬಳೆ ದಪ್ಪವಾಗಿದ್ದು ಸುಲಭವಾಗಿ ಬಿದ್ದುಹೋಗುವುದಿಲ್ಲ. ಆದರೂ ಬಿರುಸಾದ ಮಳೆಗೆ ಸಿಕ್ಕಿದ ಅಣಬೆಯಲ್ಲಿ ಅದು ಹಾಳಾಗಿರಬಹುದು. ಒಂದಕ್ಕಿಂತ ಹೆಚ್ಚು ಮಾದರಿಗಳು ಬೇಕೆಂದುದು ಇದಕ್ಕಾಗಿಯೇ.

ಬೀಜಾಣುಗಳ ಅಚ್ಚು

ಮುಂದಿನ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಅರಳಿದ ಕೊಡೆಯೊಂದನ್ನು ಕಾಲಿನಿಂದ ಬೇರ್ಪಡಿಸಿ, ಕಿವಿರುಗಳು ಕೆಳಮುಖವಾಗುವಂತೆ ಕಾಗದದ ಮೇಲಿಡಬೇಕು. ಕಾಗದದ ಅರ್ಧ ಬಿಳಿಯದಾಗಿಯೂ ಇನ್ನರ್ಧ ಕಪ್ಪಾಗಿಯೂ ಇದ್ದರೆ ಯಾವ ಬಣ್ಣವಾದರೂ ಎದ್ದು ಕಾಣುವುದು. ಅದರ ಮೇಲೆ ಒಂದು ಬಟ್ಟಲನ್ನು ಬೋರಲು ಹಾಕಿ ರಾತ್ರಿಯೆಲ್ಲ ಬಿಟ್ಟರೆ, ಬೆಳಗ್ಗೆ ಕೊಡೆಯನ್ನು ಎತ್ತಿದಾಗ ಕಿವಿರುಗಳ ಸಾಲುಗಳೇ ಪುಡಿಯ ಚಿತ್ರವಾಗಿ ಕಾಗದದ ಮೇಲೆ ಮೂಡಿರುವುವು. ಲಕ್ಷಾಂತರ ಬೀಜಾಣುಗಳು ಬಿದ್ದು ಆದ ಅಚ್ಚು ಅದು.

ಈ ಅಚ್ಚಿನ ಬಣ್ಣವು ಕೊಡೆಯ ಬಣ್ಣಕ್ಕಿಂತ ಹೆಚ್ಚು ನೆಚ್ಚತಕ್ಕ ಸಾಕ್ಷಿ. ಬಿಸಿಲು ಮಳೆಗಳಿಂದ ಕೊಡೆಯ ಬಣ್ಣ ಮಾಸಬಹುದು. ಅಚ್ಚಿನ ಬಣ್ಣ ಪ್ರಭೇದಕ್ಕೆ ಬಹುಮಟ್ಟಿಗೆ ಸ್ಥಿರ. ಹುತ್ತದ ಅಣಬೆಯ ಅಚ್ಚು ನಸುಗೆಂಪು ಬೆರೆತ ಕೆನೆಬಣ್ಣದ್ದು. ಅಮಾನಿಟಾ ಕುಲದ ಅಣಬೆಗಳ ಅಚ್ಚು ಬಿಳಿಯದು. ಹುಲ್ಲುನೆಲಗಳಲ್ಲಿ ಬೆಳೆಯುವ, ತಿಂದವರಿಗೆ ತೀವ್ರವಾದ ವಾಂತಿಭೇದಿಯನ್ನು ತರುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ಬಿಳಿಯ ಅಣಬೆಯ ಅಚ್ಚು ಹಸುರು. ಮೇಲಿನಿಂದ ನೋಡಿದಾಗ ಮೂರೂ ಬಿಳಿಯ ಕೊಡೆಗಳೇ ಆಗಿರಬಹುದು. ಒಂದು ರಾತ್ರಿಯ ತಾಳ್ಮೆಯು ಮೂರನ್ನೂ ಬೇರ್ಪಡಿಸಿತು.

ಕೊನೆಯ ಪರೀಕ್ಷೆ ಸೂಕ್ಷ್ಮದರ್ಶಕದ್ದು. ಅಚ್ಚಿನ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಬೆರೆಸಿ ನೋಡಿದರೆ ನಮ್ಮ ಅಣಬೆಯ ಬೀಜಾಣುಗಳು ಮೊಟ್ಟೆಯಾಕಾರದಲ್ಲಿ, ನುಣುಪಾಗಿ, ಬಣ್ಣವಿಲ್ಲದೆ ಕಾಣುವುವು. ಉದ್ದ ಸುಮಾರು ೭ರಿಂದ ೮ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಯೊಡಿನ್ ಬೆರೆತ ದ್ರಾವಣವನ್ನು ಹಾಕಿದಾಗ ಕೆಲವು ಅಮಾನಿಟಾಗಳ ಬೀಜಾಣುಗಳು ನೀಲಿಯ ಛಾಯೆಯನ್ನು ತಳೆಯುವುವು. ಹುತ್ತದ ಅಣಬೆಯವು ಹಾಗಾಗುವುದಿಲ್ಲ.

ಲಕ್ಷಣಗಳಿಂದ ಹೆಸರಿಗೆ

ಈಗ ಸಂಗ್ರಹಿಸಿದ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ವಿಚಾರಮಾಡೋಣ. ಕಾಲನ್ನು ಮುಟ್ಟದ ಕಿವಿರು ಮತ್ತು ನಸುಗೆಂಪು ಅಚ್ಚು ಇವೆರಡೂ ಕೂಡಿರುವ ಕುಲಗಳು ಕೆಲವೇ. ಪ್ಲೂಟಿಯಸ್ ಅವುಗಳಲ್ಲೊಂದು, ಅದು ಸಾಮಾನ್ಯವಾಗಿ ಕೊಳೆಯುವ ಮರದ ಮೇಲೆ ಬೆಳೆಯುವುದು. ಬತ್ತದ ಹುಲ್ಲಿನಲ್ಲಿ ಬೆಳೆಸುವ ಅಣಬೆಯ ಕುಲವಾದ ವಾಲ್ವೇರಿಯೆಲ್ಲ ಇನ್ನೊಂದು; ಅದರ ಬುಡದಲ್ಲಿ ಚೀಲದಂತಹ ಪೊರೆಯಿರುವುದು, ಬಳೆಯಿರುವುದಿಲ್ಲ. ಗೆದ್ದಲಿನ ತೋಟದಿಂದ ಹುಸಿಬೇರಿನ ಮೂಲಕ ಎದ್ದುಬರುವುದು ಟರ್ಮಿಟೊಮೈಸಿಸ್ ಮಾತ್ರ. ಹೀಗೆ ಒಂದೊಂದೇ ಕುಲವನ್ನು ಕಳೆಯುತ್ತ ಬಂದು ಸರಿಯಾದ ಕುಲವನ್ನು ತಲಪಿದೆವು.

ಇನ್ನು ಪ್ರಭೇದ ಯಾವುದು? ಇದೇ ಕುಲದ ಟರ್ಮಿಟೊಮೈಸಿಸ್ ಯೂರೈಜಸ್ ಎಂಬುದರ ಕೊಡೆ ಕಂದು. ಕಾಲಿನ ಮೇಲೆ ಸ್ಪಷ್ಟವಾದ ಬಳೆಯಿಲ್ಲ. ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಎಂಬುದು ಬಹು ಚಿಕ್ಕದು. ಅಕ್ಕಿಯ ನುಚ್ಚನ್ನು ಚೆಲ್ಲಿದಂತೆ ನೂರುಗಟ್ಟಲೆಯಾಗಿ ಏಳುವುದು. ಗೆದ್ದಲುಗಳು ನೆಲದ ಮೇಲ್ಪದರಕ್ಕೆ ತಂದುಹಾಕಿದ ತೋಟದ ಚೂರುಗಳಿಂದಲೇ ಅದು ಹುಟ್ಟುವುದಾದುದರಿಂದ ಅದಕ್ಕೆ ಉದ್ದನೆಯ ಹುಸಿಬೇರು ಇರುವುದಿಲ್ಲ. ಒಂದೇ ಲಕ್ಷಣವನ್ನು ನಚ್ಚಿಕೊಂಡು ಕುಳಿತರೆ ಮೋಸಹೋಗುವೆವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಮ್ಮ ಮುಂದಿರುವುದಕ್ಕಾದರೋ ಬಿಳಿಯ ದೊಡ್ಡ ಕೊಡೆಯಿದೆ, ದಪ್ಪನೆಯ ಬಳೆಯಿದೆ, ಉದ್ದನೆಯ ಹುಸಿಬೇರಿದೆ.

ಇಷ್ಟಾದ ಮೇಲೆ ವರ್ಣನೆಯನ್ನು ಬರೆಯಬಹುದು. ಅದರಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. 'ಕೊಡೆ ಸುಮಾರು ೫ರಿಂದ ೧೨ ಸೆಂಟಿಮೀಟರ್ ಅಗಲ, ಬಿಳಿ, ನೆತ್ತಿಯಲ್ಲಿ ಬೂದುಗಂದು, ನುಣುಪು. ಕಿವಿರುಗಳು ಬಿಡುವಾದವು, ಒತ್ತಾದವು, ಮೊದಲು ಬಿಳಿ, ಬಳಿಕ ನಸುಗೆಂಪು. ಕಾಲು ಬಿಳಿ, ಗಟ್ಟಿ. ಬಳೆ ದಪ್ಪ, ನಿಲ್ಲುವಂತಹುದು. ಹುಸಿಬೇರು ಉದ್ದ, ಕೆಳಗೆ ಕಿರಿದಾಗುತ್ತ ಗೆದ್ದಲಿನ ತೋಟವನ್ನು ಸೇರುವುದು. ಬೀಜಾಣುಗಳ ಅಚ್ಚು ನಸುಗೆಂಪು ಕೆನೆ.' ಅಣಬೆಯನ್ನು ಎಂದೂ ಕಾಣದವನು ಓದಿದರೂ ಅವನ ಕಣ್ಣಮುಂದೆ ಅದೇ ಅಣಬೆ ನಿಲ್ಲಬೇಕು. 'ತುಂಬ ಸುಂದರವಾಗಿದೆ' ಎಂಬ ಮಾತಿನಿಂದ ಅದು ಸಾಧ್ಯವಾಗದು.

ವರ್ಣನೆಯೊಡನೆ ಮಾದರಿಯನ್ನೂ ಉಳಿಸಬೇಕು. ಅಣಬೆಯನ್ನು ಸೀಳಿ, ಹದವಾದ ಬಿಸಿಗಾಳಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಊರು, ದಿನಾಂಕ, ಸಂಗ್ರಹದ ಸಂಖ್ಯೆ ಇವನ್ನು ಬರೆದು ಕಾಗದದ ಲಕೋಟೆಯಲ್ಲಿಟ್ಟರೆ ಅದು ನೂರಾರು ವರ್ಷ ಉಳಿಯುವುದು. ಮುಂದೆ ಯಾರಿಗಾದರೂ ನಮ್ಮ ತೀರ್ಮಾನದಲ್ಲಿ ಸಂದೇಹ ಹುಟ್ಟಿದರೆ ಆ ಲಕೋಟೆಯೇ ಉತ್ತರ ಹೇಳುವುದು.

ಹೆಸರು ಬಂದ ಬಗೆ

ಈ ಅಣಬೆಗಳನ್ನು ವಿಜ್ಞಾನವು ಅರಿತ ಕತೆಯೂ ಮಣ್ಣನ್ನು ಅಗೆದವರ ಕತೆಯೇ. ಲಿನೀಯಸನ ಶಿಷ್ಯರಾದ ಕೋನಿಗ್ ಎಂಬ ವೈದ್ಯರು ತರಂಗಂಬಾಡಿಯಲ್ಲಿ ನೆಲಸಿ, ತಂಜಾವೂರು ಸೀಮೆಯ ಗೆದ್ದಲುಗಳನ್ನು ಪರೀಕ್ಷಿಸಿ, ಅವುಗಳ ಗೂಡಿನೊಳಗೆ ಬೆಳೆಯುವ ಶಿಲೀಂಧ್ರದ ವಿಚಾರವನ್ನು ೧೭೭೯ರಲ್ಲಿ ಪ್ರಕಟಿಸಿದರು. ೧೮೪೭ರಲ್ಲಿ ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿಗಳು ಸಿಂಹಳದಿಂದ ಬಂದ ಮಾದರಿಯೊಂದಕ್ಕೆ ಯೂರೈಜಸ್ ಎಂಬ ಹೆಸರನ್ನಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ 'ಒಳ್ಳೆಯ ಬೇರುಳ್ಳದ್ದು' ಎಂದು ಅರ್ಥ. ಇಂಗ್ಲೆಂಡಿನಲ್ಲಿ ಕುಳಿತವರಿಗೆ ಬೇರಿನ ವಿಚಾರ ತಿಳಿದುದು ಹೇಗೆ? ಸಿಂಹಳದಲ್ಲಿ ಅದನ್ನು ಸಂಗ್ರಹಿಸಿದವರು ಕೀಳದೆ ಅಗೆದುದರಿಂದ. ಅವರು ಅವಸರದಿಂದ ಕಿತ್ತಿದ್ದರೆ ಆ ಹೆಸರೇ ಹುಟ್ಟುತ್ತಿರಲಿಲ್ಲ.

೧೯೪೨ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಅವರು ಗೆದ್ದಲಿನೊಡನೆ ಬಾಳುವ ಈ ಅಣಬೆಗಳಿಗೆಲ್ಲ ಟರ್ಮಿಟೊಮೈಸಿಸ್, ಎಂದರೆ ಗೆದ್ದಲಣಬೆ, ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದರು. ೧೯೭೯ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಕೆ. ನಟರಾಜನ್ ಅವರು ದಕ್ಷಿಣ ಭಾರತದ ಬಳೆಯುಳ್ಳ ಬಿಳಿಯ ಅಣಬೆಯು ಬೇರೆಯೇ ಪ್ರಭೇದವೆಂದು ತೋರಿಸಿ, ಅದಕ್ಕೆ ಹೈಮ್ ಅವರ ಹೆಸರನ್ನಿಟ್ಟರು. ಹೈಮ್ ತೀರಿಕೊಂಡುದೂ ಅದೇ ವರ್ಷ. ಮರುವರ್ಷ, ೧೯೮೦ರಲ್ಲಿ, ಆಫ್ರಿಕದ ಜಾಂಬಿಯಾದಿಂದ ಒಂದು ಮೀಟರಿನಷ್ಟು ಅಗಲಕ್ಕೆ ಬೆಳೆಯಬಲ್ಲ ಕೊಡೆಯ ಟರ್ಮಿಟೊಮೈಸಿಸ್ ಟೈಟಾನಿಕಸ್ ಎಂಬುದು ವರ್ಣಿತವಾಯಿತು. ಅಲ್ಲಿನ ಜನ ಅದನ್ನು ಬಹುಕಾಲದಿಂದ ಬಲ್ಲರು. ಜನರಿಗೆ ಹಳೆಯದಾದುದು ಗ್ರಂಥಕ್ಕೆ ಹೊಸತಾಗಿರಬಹುದು ಎಂಬುದು ಇದರಿಂದ ವಿದಿತವಾಗುತ್ತದೆ.

ಇಂದು ಜೀವಕೋಶದ ಡಿ.ಎನ್.ಎ.ಯನ್ನು ಓದಿ ಪ್ರಭೇದಗಳನ್ನು ಬೇರ್ಪಡಿಸುವ ಉಪಾಯವೂ ಬಂದಿದೆ. ಡಿ.ಎನ್.ಎ.ಯ ಒಂದು ನಿರ್ದಿಷ್ಟ ತುಣುಕನ್ನು ಶಿಲೀಂಧ್ರಗಳೆಲ್ಲಕ್ಕೂ ಸಾಮಾನ್ಯವಾದ ಗುರುತುಪಟ್ಟಿಯಾಗಿ ಬಳಸಬಹುದೆಂದು ೨೦೧೨ರಲ್ಲಿ ವಿಜ್ಞಾನಿಗಳು ಸೂಚಿಸಿದರು. ಆದರೆ ಆ ಓದಿಗೂ ಒಂದು ಮಾದರಿ ಬೇಕು, ಮಾದರಿಯೊಡನೆ ಒಂದು ವರ್ಣನೆ ಬೇಕು. ಶಿಲೀಂಧ್ರಗಳಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ. ಇರಬಹುದಾದುವು ೨೨ ಲಕ್ಷದಿಂದ ೩೮ ಲಕ್ಷದವರೆಗೆ ಎಂಬುದು ೨೦೧೭ರಲ್ಲಿ ಪ್ರಕಟವಾದ ಒಂದು ಅಂದಾಜು. ಉಷ್ಣವಲಯದ ಕಾಡುಗಳಲ್ಲಿ ಹೆಸರಿಲ್ಲದವು ಇನ್ನೂ ಎಷ್ಟೋ ಇವೆ. ಕೆಲಸಕ್ಕೆ ಕೈಗಳು ಸಾಲದಾಗಿವೆ.

ಒಂದು ಎಚ್ಚರಿಕೆ

ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಣಬೆ ಒಳ್ಳೆಯದು, ಹುಳು ತಿಂದಿದ್ದರೆ ಮನುಷ್ಯನೂ ತಿನ್ನಬಹುದು, ಅರಿಶಿನ ಹುಣಿಸೆಗಳನ್ನು ಹಾಕಿ ಬೇಯಿಸಿದರೆ ವಿಷ ಇಳಿಯುವುದು ಎಂಬ ಮಾತುಗಳು ಕೇಳಿಬರುವುದುಂಟು. ಇವು ಯಾವುವೂ ನಿಜವಲ್ಲ. ಅಮಾನಿಟಾ ಕುಲದ ಕೆಲವು ಪ್ರಭೇದಗಳಲ್ಲಿರುವ ವಿಷವು ಬೇಯಿಸಿದರೂ ಅಳಿಯದು. ತಿಂದ ೬ ಗಂಟೆಗಳವರೆಗೆ, ಕೆಲವೊಮ್ಮೆ ೨೪ ಗಂಟೆಗಳವರೆಗೂ, ಯಾವ ಬಾಧೆಯೂ ಕಾಣಿಸದು. ಬಳಿಕ ವಾಂತಿಭೇದಿಯಾಗಿ, ನಡುವೆ ಗುಣವಾದಂತೆ ತೋರಿ, ಆ ಹೊತ್ತಿಗೆ ಯಕೃತ್ತು ನಾಶವಾಗುತ್ತ ಬಂದಿರುವುದು. ಕಾಡಣಬೆಯನ್ನು ತಿಂದವರಿಗೆ ಸಂಕಟ ಕಂಡರೆ ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಅಣಬೆಯ ಚೂರನ್ನೂ ಜೊತೆಗೆ ಕೊಂಡೊಯ್ಯಬೇಕು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಈ ಅಮಾನಿಟಾಗಳ ಕೊಡೆಯೂ ಬಿಳಿಯದಾಗಿರಬಹುದು, ಅವುಗಳ ಕಿವಿರೂ ಬಿಡುವಾಗಿರುವುದು, ಕಾಲಿನ ಮೇಲೆ ಬಳೆಯೂ ಇರುವುದು. ಆದರೆ ಬುಡದಲ್ಲಿ, ಮಣ್ಣಿನೊಳಗೆ, ಚೀಲದಂತಹ ಪೊರೆ ಅಥವಾ ಊದಿದ ಗಡ್ಡೆ ಇರುವುದು. ಹುತ್ತದ ಅಣಬೆಯ ಹುಸಿಬೇರು ಇರುವುದೂ ಮಣ್ಣಿನೊಳಗೆ. ನೆಲದ ಮಟ್ಟದಲ್ಲಿ ಮುರಿದುಕೊಂಡವನ ಕೈಯಲ್ಲಿ ಚೀಲವೂ ಇಲ್ಲ, ಬೇರೂ ಇಲ್ಲ; ಉಳಿದುದು ಬಿಳಿಯ ಕೊಡೆ ಮಾತ್ರ. ಸಾವು ಬದುಕುಗಳನ್ನು ಬೇರ್ಪಡಿಸುವ ಗುರುತನ್ನು ಅವನು ಕಾಡಿನಲ್ಲಿಯೇ ಬಿಟ್ಟು ಬಂದಿದ್ದಾನೆ.

ಈ ಪಾಠವು ತಿನ್ನುವುದಕ್ಕಾಗಿ ಬರೆದುದಲ್ಲ. ಲೇಖನವನ್ನು ಓದಿ ಯಾರೂ ಕಾಡಣಬೆಯನ್ನು ಅಡಿಗೆಗೆ ಬಳಸಕೂಡದು. ಹುತ್ತಗಳಲ್ಲಿ ಹಾವುಗಳು ವಾಸಮಾಡುವುದರಿಂದ ವಿದ್ಯಾರ್ಥಿಗಳು ಹಿರಿಯರೊಬ್ಬರ ಜೊತೆಯಲ್ಲಿಯೇ ಹೋಗಬೇಕು. ಕಾಡಿನಲ್ಲಿ ಅಗೆಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಬೇಕು. ಗೂಡನ್ನು ಒಡೆಯದೆ, ಒಂದೆರಡು ಅಣಬೆಗಳನ್ನು ಮಾತ್ರ ತೆಗೆದು, ಮಣ್ಣನ್ನು ಮೊದಲಿನಂತೆ ಮುಚ್ಚಬೇಕು. ತೋಟ ಉಳಿದರೆ ಮುಂದಿನ ಮಳೆಗಾಲಕ್ಕೂ ಅಣಬೆ ಏಳುವುದು.

ಮುಂದಿನ ಮಳೆಗಾಲದಲ್ಲಿ ನಿಮ್ಮ ಊರಿನ ಬೇಲಿಯ ಬದಿಯಲ್ಲಿ ಬಿಳಿಯ ಕೊಡೆಯೊಂದು ಕಂಡರೆ, ಕೈಚಾಚುವ ಮುನ್ನ ಪುಸ್ತಕವನ್ನು ತೆರೆಯಿರಿ. ಎಳೆಯುವ ಮುನ್ನ ಮಣ್ಣನ್ನು ಬಿಡಿಸಿರಿ. ಅಣಬೆಯ ಹೆಸರಿನ ಅರ್ಧಭಾಗವು ನೆಲದ ಕೆಳಗಿದೆಯೆಂಬುದನ್ನು ನೆನಪಿನಲ್ಲಿಟ್ಟರೆ ಈ ಪಾಠದ ಮುಖ್ಯಾಂಶವನ್ನು ನೀವು ಗ್ರಹಿಸಿದಂತೆಯೇ ಸರಿ.